ನೀರುಗಂಟಿಯ ಹುರುಳಿ

"ದಾರಿಗೆ ಅಡ್ಡ ನಿಂತವರಿಗೂ ಕೃತಜ್ಞತೆ ಹೇಳಬೇಕೇ, ಸರ್?" ಎಂದು ರಾಜಮಣಿ ಕೇಳಿದಳು.

ಅವಳ ಸಂಶೋಧನಾ ಪ್ರಬಂಧ ಮುಗಿದಿತ್ತು. ಮಾರನೆಯ ದಿನ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕು. ಅವಳ ಮಾರ್ಗದರ್ಶಕರಾದ ಮಲ್ಲಾರಾಧ್ಯರು ಕೊನೆಯದಾಗಿ ಕೃತಜ್ಞತೆಯ ಪುಟ ನೋಡುತ್ತಿದ್ದರು. ಅದರಲ್ಲಿ ಬೀಸುವ ಪದ ಹಾಡಿದ ಅಜ್ಜಿಯರೆಲ್ಲ ಇದ್ದರು. ಧ್ವನಿಮುದ್ರಣದ ಚೀಲವನ್ನು ತನ್ನ ಸೀಟಿನ ಮೇಲಿಟ್ಟು ತಾನು ನಿಂತೇ ಬಂದ ಬಸ್ಸಿನ ಕಂಡಕ್ಟರ್ ಇದ್ದ. ತಡವಾಗಿ ಬಂದ ದಿನ ಅನ್ನ ಎತ್ತಿಡುತ್ತಿದ್ದ ಹಾಸ್ಟೆಲಿನ ಅಡುಗೆಯ ಗೌರಮ್ಮ ಇದ್ದರು. ಒಬ್ಬರನ್ನೂ ಬಿಡಬಾರದೆಂದು ಅವಳು ಮೂರು ದಿನ ಕೂತು ನೆನಪು ಮಾಡಿಕೊಂಡಿದ್ದಳು. ಬರೆಯುವಾಗ ಎರಡು ಸಲ ಅತ್ತಿದ್ದಳು ಕೂಡ.

ಇಲ್ಲದಿದ್ದದ್ದು ಕಂಪ್ಯೂಟರ್ ವಿಭಾಗ ಮಾತ್ರ. ಗ್ರಂಥಾಲಯ, ಕಚೇರಿ, ಕಂಪ್ಯೂಟರ್ ವಿಭಾಗ, ಈ ಮೂರನ್ನೂ ನೆನೆಯುವುದು ಅಲ್ಲಿನ ವಾಡಿಕೆ. ಗುರುಗಳು ಆ ಜಾಗದ ಮೇಲೆ ಬೆರಳಿಟ್ಟಾಗಲೇ ಅವಳ ಬಾಯಿಂದ ಆ ಪ್ರಶ್ನೆ ಬಂದದ್ದು.

"ನೀವೇ ಹೇಳಿ ಸರ್. ಆ ಹಾಡುಗಳ ಹಳೆಯ ಮಾತು ಬಿಡಿಸಬಲ್ಲವರು ದೂರದೂರಿನ ಕಾಳಮ್ಮ ಟೀಚರ್ ಒಬ್ಬರೇ. ಅವರಿಗೆ ಎಂಬತ್ತಾರು ವರ್ಷ. ವಾರವಾರವೂ ಗಂಟೆಗಟ್ಟಲೆ ಹಾಡು ಕಳಿಸಬೇಕು. ದೊಡ್ಡ ಫೈಲ್ ಹಂಚಿಕೊಳ್ಳುವ ದಾರಿಗಳನ್ನೆಲ್ಲ ಈ ಕಂಪ್ಯೂಟರ್ ವಿಭಾಗದವರು ಮುಚ್ಚಿಟ್ಟಿದ್ದರು. ಹೋಗಿ ಕೈಮುಗಿದೆ. 'ನಿಯಮ ಕಣಮ್ಮ, ಇರೋ ಇಂಟರ್‌ನೆಟ್ ಎಲ್ಲರಿಗೂ ಸಾಲಬೇಕು, ನಿನಗೊಬ್ಬಳಿಗೆ ತೆಗೆಯೋಕಾಗಲ್ಲ' ಅಂದುಬಿಟ್ಟರು ಬೀಗದ ಸಾಹೇಬರು." ಆ ವಿಭಾಗ ನೋಡಿಕೊಳ್ಳುವವರಿಗೆ ಹಾಸ್ಟೆಲಿನಲ್ಲಿ ಅದೇ ಹೆಸರು. "ನಿಯಮ ಬದಲಾಗುವಷ್ಟರಲ್ಲಿ ಟೀಚರ್ ಕಣ್ಣು ಮುಚ್ಚಿದ್ದರೆ ನನ್ನ ಗತಿ? ಕೊನೆಗೆ ನಾನೇ ಒಂದು ಕಳ್ಳದಾರಿ ಹುಡುಕಿಕೊಂಡೆ. ವಿಪಿಎನ್ ಅಂತ. ಮಾಮೂಲಿ ವೆಬ್‌ಸೈಟ್ ನೋಡುತ್ತಿರುವ ಹಾಗೆ ತೋರುತ್ತೆ, ಒಳಗೊಳಗೇ ಫೈಲ್ ಹೋಗುತ್ತೆ. ಎರಡು ವರ್ಷ ಒಂದು ದಿನವೂ ನಿಲ್ಲಲಿಲ್ಲ. ಅವರಿಗೆ ಗೊತ್ತೇ ಆಗಲಿಲ್ಲ!"

ಅವಳಿಗೆ ನಗು ತಡೆಯಲಾಗಲಿಲ್ಲ. "ಗೊತ್ತಾಗೋದಾದರೂ ಹೇಗೆ ಸರ್? ಯಾವಾಗ ಹೋದರೂ ಅವರ ಪರದೆಯ ಮೇಲೆ ಚಕ್ರ ಗರಗರ ಸುತ್ತುತ್ತಿರುತ್ತೆ. ಪೇಪರ್ ಹಿಡಿದು ಕಾಯುತ್ತಾ ಕೂತಿರುತ್ತಾರೆ. ಊರಿಗೆಲ್ಲ ಇಂಟರ್‌ನೆಟ್ ಬಿಡೋರು, ಪಾಪ!"

ಗುರುಗಳು ಪೆನ್ನಿನ ಮುಚ್ಚಳ ಹಾಕಿದರು. "ಒಂದು ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ಕೆರೆಯ ಕೆಳಗೆ ಒಬ್ಬ ಹೂಗಾರನಿದ್ದ. ಕೆರೆಯ ನೀರನ್ನು ಎಲ್ಲರ ಗದ್ದೆಗೂ ಸರದಿಯಂತೆ ಬಿಡುವವನು ನೀರುಗಂಟಿ. ಅವನಲ್ಲದೆ ಇನ್ನಾರೂ ಕಾಲುವೆಗೆ ಗುದ್ದಲಿ ಹಾಕುವಂತಿಲ್ಲ. ಹೂಗಾರನ ಸರದಿ ಎಂಟು ದಿನಕ್ಕೊಮ್ಮೆ. ಎಳೆಯ ಮಲ್ಲಿಗೆ ಗಿಡಕ್ಕೆ ಎಂಟು ದಿನ ತಾಳುವ ಶಕ್ತಿ ಎಲ್ಲಿಂದ ಬರಬೇಕು? ಹೆಚ್ಚಿಗೆ ಬಿಡೆಂದು ಕೇಳಿದ. "ಕೆರೆ ಎಲ್ಲರದು ಕಣಪ್ಪ" ಎಂದು ನೀರುಗಂಟಿ ಹೊರಟುಹೋದ.

ಹೂಗಾರ ಸುಮ್ಮನಿರುವ ಆಸಾಮಿಯೇ? ಕಾಲುವೆಯ ಬದುವಿನೊಳಗೆ ಒಂದು ಬಿದಿರಿನ ಕೊಳವೆ ತೂರಿಸಿದ. ಮೇಲೆ ಗರಿಕೆ ನೆಟ್ಟ. ನೀರುಗಂಟಿ ಕಾಲುವೆಯ ಕೊನೆಗೆ ಹೋದ ಹೊತ್ತು ನೋಡಿ ಅದರ ಬಿರಡೆ ತೆಗೆಯುವನು. ದಿನವೂ ನೀರು ಬಂತು, ಗಿಡಗಳು ನಳನಳಿಸಿದವು. ತನ್ನ ತಲೆಯೆಂದರೆ ತಲೆ ಎಂದು ಅವನು ಬೀಗಿದ.

ಸುಗ್ಗಿಯಲ್ಲಿ ಎಲ್ಲರೂ ನೀರುಗಂಟಿಗೆ ಒಂದೊಂದು ಹೊರೆ ಭತ್ತ ಕೊಡುವುದು ಆ ಊರಿನ ಪದ್ಧತಿ. ಹೂಗಾರ ಮೊದಲ ಬುಟ್ಟಿ ಹೂವು ಕೊಡಬೇಕು. ಅವನು ಕೊಡಲಿಲ್ಲ. ಒಂದು ಹನಿ ಹೆಚ್ಚಿಗೆ ಕೊಡದವನಿಗೆ ಹೂವು ಬೇರೆ ಕೇಡು ಎಂದುಕೊಂಡ. ಮೂರು ವರ್ಷ ಹೀಗೇ ಕಳೆಯಿತು. ನೀರುಗಂಟಿ ಕೇಳಲೂ ಇಲ್ಲ, ಮುಖ ಗಂಟಿಕ್ಕಲೂ ಇಲ್ಲ.

ನಾಲ್ಕನೆಯ ವರ್ಷ ನೀರುಗಂಟಿ ಮೊಮ್ಮಗಳ ನಾಮಕರಣಕ್ಕೆಂದು ಮಗಳ ಊರಿಗೆ ಹೋದ. ಹದಿನೈದು ದಿನದ ಮಟ್ಟಿಗೆ ಕೆಲಸವನ್ನು ತಮ್ಮನಿಗೆ ಒಪ್ಪಿಸಿದ. ಮರುದಿನ ಕೊಳವೆಯಲ್ಲಿ ನೀರಿಲ್ಲ. ಕಾಲುವೆಯಲ್ಲಿ ನೀರಿತ್ತು, ಆದರೆ ಕೊಳವೆಯ ಬಾಯಿಗಿಂತ ಒಂದು ಗೇಣು ಕೆಳಗೆ. ಅದರ ಮರುದಿನವೂ ಅಷ್ಟೇ. ಮೊಗ್ಗುಗಳು ಬಾಡಿದವು. ಹೂಗಾರನ ಜೀವ ಬಾಯಿಗೆ ಬಂತು. ಬದುವಿನ ಮೇಲೆ ಓಡಿದ. ಅವನ ತೋಟದಿಂದ ಕೊಂಚ ಮೇಲೆ, ಹುರುಳಿ ಕಿತ್ತ ಒಂದು ಗದ್ದೆಗೆ ನೀರು ಹರಿಯುತ್ತಿತ್ತು. ಆ ಗದ್ದೆಗೆ ನೀರು ತಿರುಗಿದ್ದನ್ನು ಅವನು ಮೂರು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

"ಇದು ಯಾರ ಗದ್ದೆ?" ಎಂದು ಅಲ್ಲಿ ಗುದ್ದಲಿ ಹಿಡಿದು ನಿಂತಿದ್ದ ನೀರುಗಂಟಿಯ ತಮ್ಮನನ್ನು ಕೇಳಿದ.

"ನಮ್ಮಣ್ಣಂದೇ. ನೀರುಗಂಟಿಗೆ ಅಂತ ಊರು ಬಿಟ್ಟುಕೊಟ್ಟದ್ದು" ಎಂದ ತಮ್ಮ. "ಕಾಲುವೆ ಪಕ್ಕದಲ್ಲೇ ಗದ್ದೆ ಇಟ್ಟುಕೊಂಡು ಮೂರು ವರ್ಷದಿಂದ ನೀರೇ ಬೇಡದ ಹುರುಳಿ ಚೆಲ್ಲುತ್ತಾನೆ ಮಹರಾಯ! ಯಾಕಣ್ಣ ಅಂದರೆ, 'ಕೆಳಗೊಬ್ಬ ಕೊಳವೆ ಇಟ್ಟಿದ್ದಾನೆ. ಅವನ ಗಿಡವೂ ಬದುಕಬೇಕು, ಕೊನೇ ಗದ್ದೆಗೂ ನೀರು ಕಡಿಮೆಯಾಗಬಾರದು. ಬಿಟ್ಟರೆ ನನ್ನ ಪಾಲನ್ನೇ ಬಿಡಬೇಕು' ಅಂದ. ನನಗೆ ಅದೆಲ್ಲ ತಿಳಿಯದಪ್ಪ. ಈ ಸಲ ಭತ್ತ ನೆಡೋಣ ಅಂತ ನೀರು ತಿರುಗಿಸಿದೆ."

ಹೂಗಾರನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಎದೆ ತುಂಬಿ ಬಂತು. ತನ್ನ ಮಲ್ಲಿಗೆಗಾಗಿ ಒಬ್ಬ ಮನುಷ್ಯ ಮೂರು ವರ್ಷ ಹುರುಳಿ ಉಂಡಿದ್ದಾನಲ್ಲ! ಹಿಂದಿರುಗಿ ತನ್ನ ಕೈಯಾರೆ ಕೊಳವೆ ಕಿತ್ತ. ಉಳಿದ ಗಿಡಗಳಿಗೆ ಮನೆಯ ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತ. ನೀರುಗಂಟಿ ಊರಿಗೆ ಮರಳಿದ ದಿನ ಒಂದು ಬುಟ್ಟಿ ಹೂವು ತಲೆಯ ಮೇಲಿಟ್ಟುಕೊಂಡು ಹೋದ. ಬುಟ್ಟಿ ಇಳಿಸಿ ಕಾಲಿಗೆ ಬಿದ್ದ.

ನೀರುಗಂಟಿ ಬೊಗಸೆ ತುಂಬ ಹೂವೆತ್ತಿ ಮೂಸಿದ. "ಅಬ್ಬಬ್ಬಾ! ನನ್ನ ಹುರುಳಿಗೆ ಇಂಥ ಪರಿಮಳ ಇದೆ ಅಂತ ಗೊತ್ತೇ ಇರಲಿಲ್ಲವಲ್ಲೋ" ಎಂದ.

ಕತೆ ಮುಗಿದಾಗ ರಾಜಮಣಿಯ ಕಣ್ಣು ಒದ್ದೆಯಾಗಿತ್ತು. ಸೆರಗಿನ ತುದಿಯಿಂದ ಒರೆಸಿಕೊಂಡಳು. "ಒಳ್ಳೆಯ ಮನುಷ್ಯ ಸರ್, ಆ ನೀರುಗಂಟಿ. ಆದರೆ ಅದು ನೀರಿನ ಮಾತಾಯಿತು. ನನ್ನ ಹಾಡುಗಳಿಗೆ ಯಾರು ಏನು ಬಿಟ್ಟುಕೊಟ್ಟರು?"

ಗುರುಗಳು ಪುಟವನ್ನೂ ಪೆನ್ನನ್ನೂ ಅವಳ ಕಡೆಗೆ ಸರಿಸಿದರು.

"ಊರಿಗೆಲ್ಲ ಇಂಟರ್‌ನೆಟ್ ಬಿಡುವವರ ಪರದೆಯ ಮೇಲೆ ಮಾತ್ರ ಎರಡು ವರ್ಷ ಚಕ್ರ ಯಾಕೆ ಸುತ್ತುತ್ತಿತ್ತು, ಮಗಳೇ?"

ರಾಜಮಣಿ ಪೆನ್ನಿನ ಮುಚ್ಚಳ ತೆಗೆದಳು. ಬೀಗದ ಸಾಹೇಬರ ಹೆಸರು ಅವಳಿಗೆ ಗೊತ್ತಿರಲಿಲ್ಲ.