ಓಡದ ಜಿಂಕೆ

ಶಿಷ್ಯ ಕೇಳಿದ: “ಗುರುಗಳೇ, ಉಪಕಾರ ಮಾಡಿದವರನ್ನು ನೆನೆಯುವುದು ಸುಲಭ. ದಂಡಿಸಿದವರನ್ನೂ ಕೃತಜ್ಞತೆಯಿಂದ ನೆನೆಯಲು ಆಗುತ್ತದೆಯೇ?”

ಗುರುಗಳು ಹೇಳಿದರು:

ಕಾಡಿನಂಚಿನ ಒಂದು ಹಾಡಿಯಲ್ಲಿ ಒಬ್ಬ ಬೇಟೆಗಾರನಿದ್ದ. ಜಿಂಕೆ ಬೇಟೆಗೆ ಆ ಹಾಡಿಯವರದೊಂದು ಕಟ್ಟಳೆಯಿತ್ತು. ಉಪ್ಪು ಚೆಲ್ಲಿಯೋ ವಾಸನೆ ಹರಡಿಯೋ ಜಿಂಕೆಯನ್ನು ಹತ್ತಿರಕ್ಕೆ ಕರೆಯಕೂಡದು. ಹೆಜ್ಜೆಯ ಜಾಡು ಹಿಡಿದು ತಾವೇ ಅದರ ಹಿಂದೆ ಹೋಗಬೇಕು. ಓಡಿ ತಪ್ಪಿಸಿಕೊಂಡರೆ ಬಿಟ್ಟುಬಿಡಬೇಕು.

ಒಂದು ವರ್ಷ ಬೇಟೆಗಾರ ಬಂಡೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡ. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ನಡೆಯುವುದಕ್ಕೆ ಅಡ್ಡಿಯಿರಲಿಲ್ಲ, ಓಡುವುದು ಮಾತ್ರ ಮುಗಿದಿತ್ತು. ಮನೆಯಲ್ಲಿ ಹೆಂಡತಿ ಬಸುರಿ. ಇನ್ನೊಬ್ಬರ ಮುಂದೆ ಕೈಚಾಚಲು ಅವನಿಗೆ ನಾಚಿಕೆ.

ಯಾರಿಗೂ ಹೇಳದೆ ಅವನು ಕಾಡಿನೊಳಗಿನ ಒಂದು ಬಯಲಿನಲ್ಲಿ ಉಪ್ಪು ಚೆಲ್ಲಿದ. ಹಿಪ್ಪೆ ಹೂವನ್ನು ಜಜ್ಜಿ ಸುತ್ತಲಿನ ಮರಗಳಿಗೆ ಬಳಿದ. ವಾಸನೆ ಹಿಡಿದು ಜಿಂಕೆಗಳು ಬಂದವು. ಅವನು ಬರಿಗೈಯಲ್ಲಿ ಕುಳಿತು ನೋಡಿದ. ದಿನವೂ ಹಾಗೆಯೇ ಮಾಡಿದ. ಹತ್ತನೆಯ ದಿನಕ್ಕೆ ಅವುಗಳ ಅಂಜಿಕೆ ಹೋಯಿತು. ಹನ್ನೊಂದನೆಯ ದಿನ ಅವನು ಬಿಲ್ಲು ತಂದ. ಒಂದು ಗಂಡು ಜಿಂಕೆ ತಲೆಯೆತ್ತಿ ಅವನನ್ನು ನೋಡಿತು, ಮತ್ತೆ ಬಗ್ಗಿ ಉಪ್ಪು ನೆಕ್ಕತೊಡಗಿತು. ಅವನು ಬಾಣ ಬಿಟ್ಟ.

ಹಾಡಿಯಲ್ಲಿ ಮಾಂಸ ಪಾಲು ಮಾಡುವವನು ಒಬ್ಬ ಮುದುಕ. ಅವನು ಗಾಯವನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಓಡುವ ಜಿಂಕೆಗೆ ಬಾಣ ಪಕ್ಕೆಗೆ ತಗಲುತ್ತದೆ. ಇದಕ್ಕೆ ಎದುರಿನಿಂದ ತಗಲಿದೆ, ಅದೂ ಬಹಳ ಹತ್ತಿರದಿಂದ. ನಿನ್ನನ್ನು ನೋಡಿಯೂ ಇದು ಯಾಕೆ ಓಡಲಿಲ್ಲ?”

ಬೇಟೆಗಾರ ತಲೆ ತಗ್ಗಿಸಿ ಹೇಳಿದ: “ಉಪ್ಪು ಹಾಕಿದ್ದೆ, ಅಜ್ಜ. ಹತ್ತು ದಿನ ನಂಬಿಸಿದೆ.”

ಹಾಡಿಯಿಂದ ಹೊರಗೆ ಹಾಕುತ್ತಾರೆಂದು ಅವನು ತಿಳಿದಿದ್ದ. ಮುದುಕ ಅವನ ಬಿಲ್ಲನ್ನು ತೆಗೆದುಕೊಂಡ. “ಕಾಲು ಓಡುವುದಿಲ್ಲವೆಂದು ನಮಗೆ ಹೇಳಬೇಕಾಗಿತ್ತು. ನಾವೂ ಕೇಳಬೇಕಾಗಿತ್ತು. ಇನ್ನು ಮೇಲೆ ಪ್ರತಿ ಬೇಟೆಯ ಮೊದಲ ಪಾಲು ನಿನ್ನ ಮನೆಗೆ. ಆದರೆ ನಾಳೆಯಿಂದ ನೀನು ದಿನವೂ ಆ ಬಯಲಿಗೆ ಹೋಗು. ನಿನ್ನ ಕೈಯಿಂದ ಹೋದ ಅಂಜಿಕೆಯನ್ನು ನಿನ್ನ ಕೈಯಿಂದಲೇ ಅವಕ್ಕೆ ತಿರುಗಿ ಕೊಡು.”

ಬೇಟೆಗಾರ ಉಪ್ಪು ಬಿದ್ದ ಮಣ್ಣನ್ನು ಅಗೆದು ಹೊಳೆಗೆ ಹಾಕಿದ. ಮರಗಳನ್ನು ತೊಳೆದ. ಆದರೂ ಜಿಂಕೆಗಳು ಬಂದವು. ಅವನನ್ನು ಕಂಡು ಹತ್ತಿರಕ್ಕೇ ಬಂದವು. ಅವನು ಕೂಗಿದ, ತಮಟೆ ಬಡಿದ. ಅವು ಸ್ವಲ್ಪ ದೂರ ಸರಿದು ನಿಂತು ನೋಡಿದವು. ಕೊನೆಗೆ ಕಲ್ಲೆಸೆದ. ಒಂದು ಮರಿಗೆ ಕಲ್ಲು ತಗಲಿದಾಗ ಅವನು ಅಲ್ಲೇ ಕುಳಿತು ಅತ್ತ. ಮರುದಿನವೂ ಹೋದ.

ಮಳೆಗಾಲ ಕಳೆಯಿತು. ಅವನ ಮನೆಗೆ ಪಾಲು ತಪ್ಪದೆ ಬಂತು. ಹೆಂಡತಿ ಹೆಣ್ಣು ಮಗುವನ್ನು ಹೆತ್ತಳು. ಒಂದು ಬೆಳಿಗ್ಗೆ ಅವನು ಬಯಲಿನ ಅಂಚಿಗೆ ಕಾಲಿಟ್ಟನೋ ಇಲ್ಲವೋ, ಇಡೀ ಹಿಂಡು ಛಂಗನೆ ನೆಗೆದು ಕಾಡು ಸೇರಿತು. ಒಂದೂ ಹಿಂದಿರುಗಿ ನೋಡಲಿಲ್ಲ.

ಅವನು ಕುಂಟುತ್ತಲೇ ಆದಷ್ಟು ಬೇಗ ಹಾಡಿಗೆ ಬಂದು ಮುದುಕನ ಕಾಲಿಗೆ ಹಣೆ ಹಚ್ಚಿದ. ಎಬ್ಬಿಸಿದರೂ ಏಳಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು.

ಶಿಷ್ಯ ತಲೆದೂಗಿದ. “ತಿಳಿಯಿತು, ಗುರುಗಳೇ. ಅಷ್ಟು ದಿನ ಅನ್ನ ಕೊಟ್ಟರಲ್ಲ, ಅದಕ್ಕಾಗಿ ಕಾಲಿಗೆ ಬಿದ್ದ.”

“ಅನ್ನಕ್ಕಲ್ಲ, ಮಗು, ತನ್ನನ್ನು ನಂಬಿ ಸಾಯುವವರು ಆ ಕಾಡಿನಲ್ಲಿ ಇನ್ನು ಯಾರೂ ಇಲ್ಲವೆಂದು,” ಎಂದರು ಗುರುಗಳು.