ಚಾಪೆಯಗಲದ ಹಿತ್ತಲು

ಹೂಂ ಅಂತಿರಬೇಕು, ಗೊತ್ತಾಯ್ತಾ? ನಿನ್ನ ಹೂಂ ನಿಂತ ಕಡೆ ನನ್ನ ಕತೇನೂ ನಿಲ್ಲುತ್ತೆ. ಕಾಲು ಒದೀಬೇಡ, ಕಂಬಳಿ ಒಳಗಿಟ್ಕೋ. ಹಾಂ. ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿ ಇನ್ನೂ ಹಾಲುಹಲ್ಲು ಉದುರಿಸ್ಕೊಂಡು ಓಡಾಡ್ತಿದ್ದ ಕಾಲದಲ್ಲಿ, ಒಂದು ಕೋಟೆ ಊರಿತ್ತಂತೆ. ಆ ಕೋಟೆ ಗೋಡೆ ಪಕ್ಕದಲ್ಲೇ ಒಂದು ಓಣಿ. ಮನೆಗೆ ಮನೆ ಹೆಂಗೆ ಅಂಟ್ಕೊಂಡಿತ್ತು ಅಂದ್ರೆ, ಈ ಮನೇಲಿ ಮಗು ಸೀನಿದ್ರೆ ಆ ಮನೆಯವರು ಚಿರಾಯು ಅನ್ನೋರಂತೆ. ಆ ಓಣಿಯ ಕೊನೇ ಮನೇಲಿ ನಿಂಗಾಜಮ್ಮ ಅಂತ ಚಾಪೆ ಹೆಣೆಯೋ ಹೆಂಗಸು. ಗಂಡ ತೀರ್ಕೊಂಡಿದ್ದ, ಚೆಲುವಾಜಿ ಅಂತ ಒಬ್ಬಳೇ ಮಗಳು. ಮನೆ ಹಿಂದೆ ಹಿತ್ತಲು. ಹಿತ್ತಲು ಅಂದ್ರೆ ಎಂಥ ಹಿತ್ತಲು ಬಿಡು, ಒಂದು ಚಾಪೆ ಹಾಸಿದ್ರೆ ಇನ್ನೊಂದಕ್ಕೆ ಜಾಗ ಇಲ್ಲ. ಎದುರಿಗೆ ಕೋಟೆ ಗೋಡೆ, ಆ ಕಡೆ ಈ ಕಡೆ ನೆರೆಯವರ ಗೋಡೆ, ಮೂಲೇಲಿ ಬಚ್ಚಲು.

ಚೆಲುವಾಜಿ ಮದುವೆ ವಯಸ್ಸಿಗೆ ಬಂದಾಗ ದೂರದ ಹಳ್ಳಿಯಿಂದ ದೊಡ್ಡಮ್ಮಣ್ಣಿ ಅನ್ನೋರು ತಮ್ಮ ಮಗನಿಗೆ ಹೆಣ್ಣು ನೋಡೋಕೆ ಬಂದ್ರಂತೆ. ನೋಡಿದ್ದು ಈ ಮನೇಲಲ್ಲ, ಸೋದರಮಾವನ ಊರಲ್ಲಿ. ದೊಡ್ಡಮ್ಮಣ್ಣಿ ಭಾರೀ ಆರಂಭದ ಮನೆಯವರು, ಹೊಲ ತೋಟ ಅಂತ ಬೇಸಾಯ ಮಾಡೋರು. ಹಾಡು ಬರುತ್ತಾ ಹಸೆ ಬರುತ್ತಾ ಅಂತ ಒಂದು ಮಾತೂ ಕೇಳಲಿಲ್ಲ, ನಿಮ್ಮ ಹಿತ್ತಲು ಎಷ್ಟಿದೆ ಮಗಾ ಅಂದ್ರಂತೆ. ಈ ಹುಡುಗಿ ತಲೆ ತಗ್ಗಿಸ್ಕೊಂಡು, ಕಣ್ಣು ಹಾಯಿಸಿದಷ್ಟೂ ನಮ್ದೇ ಅತ್ತೆಮ್ಮ ಅಂದುಬಿಟ್ಟಳಂತೆ. ನಗಬೇಡ ನೀನು. ಅವಳು ಸುಳ್ಳು ಹೇಳಲಿಲ್ಲ. ಹುಟ್ಟಿದಾಗಿಂದ ಬಾಗಿಲು ತೆಗೆದ್ರೆ ಕಣ್ಣು ಹೋಗಿ ಗೋಡೆಗೆ ಬಡಿಯೋದು, ಅಲ್ಲೀತನಕ ಅವರದ್ದೇ. ಎಲ್ಲರ ಹಿತ್ತಲೂ ಹಂಗೇ ಇರುತ್ತೆ ಅಂದ್ಕೊಂಡಿದ್ದಳು ಪಾಪ. ದೊಡ್ಡಮ್ಮಣ್ಣಿ ಮಾತ್ರ ಹತ್ತಾಳು ಬಿದ್ದು ದುಡಿಯೋ ತೋಟ ಅಂದ್ಕೊಂಡು ಖುಷಿಯಾಗಿ ತಾಂಬೂಲ ಬದಲಾಯಿಸ್ಕೊಂಡು, ಮದುವೆನೂ ತಮ್ಮ ಮನೆ ಚಪ್ಪರದಲ್ಲೇ ಮಾಡ್ಕೊಂಡ್ರಂತೆ.

ಆಮೇಲೆ ಚೆಲುವಾಜಿ ಬಸುರಿಯಾದಳು. ಬಸುರಿಗೆ ಬಾಯಿ ಕೆಡುತ್ತಲ್ಲ, ತವರಿನ ಸೊಪ್ಪು ತಿನ್ನಬೇಕು ಅಂತ ಆಸೆಯಾಯ್ತಂತೆ. ದೊಡ್ಡಮ್ಮಣ್ಣಿ ಒಬ್ಬ ಆಳಿನ ಕೈಲಿ ಹೇಳಿ ಕಳಿಸಿದ್ರು. ಬರೋ ಹುಣ್ಣಿಮೆಗೆ ಮಂಕರಿ ತುಂಬ ನಿಮ್ಮ ಹಿತ್ತಲ ಸಬ್ಬಸಿಗೆ ಸೊಪ್ಪು ಕಳಿಸಿ, ಅಂಗಡಿಯದ್ದು ಬೇಡ. ಹೇಗೂ ಚೊಚ್ಚಲ ಬಾಣಂತನ ನಿಮ್ಮಲ್ಲೇ ತಾನೇ, ಬಾಣಂತಿಗೆ ಅಲ್ಲಿ ಏನೇನು ಸಿಗುತ್ತೆ ಅಂತ ನನಗೂ ಗೊತ್ತಾಗಲಿ ಅಂದ್ರಂತೆ. ನಿಂಗಾಜಮ್ಮ ಮಗಳಿಗೆ ಬೇಯಿಸಿ ಹಾಕ್ತಿದ್ದದ್ದು ಅಂಗಡಿ ಸೊಪ್ಪೇ, ಹಿತ್ತಲಲ್ಲಿ ಒಂದು ಎಳೆಯೂ ಇರಲಿಲ್ಲ. ಸೊಪ್ಪು ಹೋಗದಿದ್ರೆ ಅವರು ಮಗಳನ್ನ ಬಾಣಂತನಕ್ಕೆ ಕಳಿಸಲ್ಲ. ಮೊದಲನೇ ಹೆರಿಗೆ, ಅವ್ವ ಪಕ್ಕದಲ್ಲಿಲ್ಲದೆ ನನ್ನ ಕೂಸು ಹೆಂಗೆ ನೋವು ತಡ್ಕೊಳ್ಳುತ್ತೆ ಅಂತ ಬಚ್ಚಲ ಕಲ್ಲಿನ ಮೇಲೆ ಕೂತು ಗೊಳೋ ಅಂತ ಅತ್ತಳಂತೆ.

ಅವಾಗ ಅಲ್ಲೇ ಮೂಲೇಲಿ ಬಿದ್ದಿದ್ದ ಒಡಕು ಗಡಿಗೆ ಮಾತಾಡ್ತಂತೆ. ಹೂಂ, ಮಾತಾಡ್ತು. ಆ ಕಾಲದ ಗಡಿಗೆಗಳು ಮಾತಾಡ್ತಿದ್ವು, ನೀನು ಮಧ್ಯ ಬಾಯಿ ಹಾಕಬೇಡ. ಅಲ್ಲ ಕಣೇ ನಿಂಗಾಜಿ, ನೀರು ನಿಲ್ಲಲ್ಲ ಅಂತ ನನ್ನ ಬಿಸಾಕಿದ್ದೀಯಲ್ಲ, ನೀರು ನಿಂತ್ರೆ ಸೊಪ್ಪಿನ ಬೇರು ಕೊಳೆಯೋದಿಲ್ವಾ? ಸೋರೋದು ಅಡುಗೆಮನೇಲಿ ಅವಗುಣ, ಹಿತ್ತಲಲ್ಲಿ ಅದೇ ಗುಣ ಅಂತಂತೆ. ನಿಂಗಾಜಮ್ಮ ಕಣ್ಣೊರೆಸ್ಕೊಂಡು ಎದ್ದವಳೇ ಓಣಿಯಲ್ಲೆಲ್ಲ ತಿರುಗಿ ಸೀಳಿದ್ದು ಸೋರಿದ್ದು ಬಾಯಿ ಮುರಿದಿದ್ದು ಎಲ್ಲ ಗಡಿಗೆ ಬೇಡಿ ತಂದಳು. ಮಣ್ಣು ಗೊಬ್ಬರ ತುಂಬಿದಳು, ಚಾಪೆ ಹೆಣೆಯೋ ಹುರಿಯಲ್ಲೇ ಮಾಡಿನಂಚಿಂದ ಒಂದರ ಕೆಳಗೊಂದು ನೇತುಹಾಕಿದಳು. ಮೇಲಿನ ಗಡಿಗೆಗೆ ಒಂದು ಚೊಂಬು ನೀರು ಹೊಯ್ದ್ರೆ ಅದು ಸೋರಿ ಅದರ ಕೆಳಗಿನದಕ್ಕೆ, ಅಲ್ಲಿಂದ ಸೋರಿ ಅದರ ಕೆಳಗಿನದಕ್ಕೆ. ಹುಣ್ಣಿಮೆ ಹೊತ್ತಿಗೆ ಸಬ್ಬಸಿಗೆ ಘಮ್ಮಂತ ಎದ್ದು ನಿಂತಿತ್ತಂತೆ. ಮಂಕರಿ ತುಂಬಿ ಕಳಿಸಿ, ಆ ಒಡಕು ಗಡಿಗೆಗೆ ಕೈಮುಗಿದು, ನೀನು ಒಡೆದಿದ್ದೇ ನನ್ನ ಪುಣ್ಯ ಕಣವ್ವ ಅಂದಳಂತೆ.

ಆಮೇಲೆ ಚೆಲುವಾಜಿಗೆ ಐದು ತಿಂಗಳಾದಾಗ ಮತ್ತೆ ಆಳು ಬಂದ. ಸೊಪ್ಪು ಚೆನ್ನಾಗಿತ್ತು, ಇನ್ನು ಏಳನೇ ತಿಂಗಳ ಬಳೆ ತೊಡಿಸೋ ಶಾಸ್ತ್ರಕ್ಕೆ ಪಡವಲಕಾಯಿ ಹೀರೇಕಾಯಿ ಬೇಕು, ಕೇರಿಯವರೆಲ್ಲ ಉಣ್ಣಬೇಕು. ನಿಂಗಾಜಮ್ಮ ಸುತ್ತ ನೋಡಿದಳು. ನೆಲದಲ್ಲಿ ಕಾಲಿಡೋಕೂ ತಾವಿಲ್ಲ, ಚಪ್ಪರ ಎಲ್ಲಿ ಹಾಕೋದು? ಕೋಟೆ ಗೋಡೆಗೆ ಬೈದಳಂತೆ, ಎಲ್ಲ ನಿನ್ನಿಂದಲೇ, ನೀನು ಅಡ್ಡ ನಿಂತಿಲ್ಲದಿದ್ರೆ ನನಗೂ ನಾಲ್ಕು ಗಜ ಜಾಗ ಇರ್ತಿತ್ತು ಅಂತ. ಗೋಡೆ ಮೆಲ್ಲಗೆ, ಬೈದಿದ್ದಾಯ್ತಾ ತಾಯಿ ಅಂತಂತೆ. ನೆಲದಲ್ಲಿ ಒಂದು ಚಾಪೆ ಹಿಡಿಯುತ್ತೆ ಸರಿ, ನನ್ನ ಮೇಲೆ ಎಷ್ಟು ಚಾಪೆ ಹಾಸಬಹುದು ಅಂತ ಒಂದು ದಿನಾನಾದ್ರೂ ನೋಡಿದ್ಯಾ? ಬೆಳಗಿಂದ ಬಿಸಿಲೆಲ್ಲ ನನ್ನ ಮೈಮೇಲೇ ಬೀಳುತ್ತೆ, ಉಪಯೋಗಕ್ಕೆ ತಗೊಳ್ಳೋರಿಲ್ಲ ಅಂತಂತೆ.

ನಿಂಗಾಜಮ್ಮನಿಗೆ ನಾಚಿಕೆಯಾಯ್ತು. ಹುರಿ ಹೊಸೆದು ಗೋಡೆ ಎತ್ತರಕ್ಕೂ ಬಲೆ ಹೆಣೆದು ಬಿಟ್ಟಳು, ಬುಡದಲ್ಲಿ ಬೀಜ ಊರಿದಳು. ಬಳ್ಳಿಗಳು ಏಣಿ ಹತ್ತೋ ಹಂಗೆ ಹತ್ಕೊಂಡು ಹೋದ್ವಂತೆ. ಪಡವಲಕಾಯಿ ಸೊಟ್ಟ ಆಗದಿರಲಿ ಅಂತ ಒಂದೊಂದರ ತುದಿಗೂ ಒಂದೊಂದು ಪುಟ್ಟ ಕಲ್ಲು ಕಟ್ಟಿದಳು, ಅವು ನೆಟ್ಟಗೆ ನಿನ್ನಷ್ಟುದ್ದ ಇಳಿಬಿದ್ವು. ಬೆರಳುದ್ದ ಸಂದಿ ಬಿಡದಂಗೆ ಬಳ್ಳಿ ನೆರಳಲ್ಲಿ ಕೆಸುವಿನ ಗೆಡ್ಡೆ, ಹೊಸ್ತಿಲ ಪಕ್ಕ ಪುದೀನ, ಮಾಡಿನ ಮೇಲೆ ಕುಂಬಳ. ಶಾಸ್ತ್ರದ ದಿನ ಬೀಗರ ಕೇರಿಯೆಲ್ಲ ಉಂಡು, ಚೆಲುವಾಜಿ ತವರು ಅಂದ್ರೆ ತವರು ಅಂತ ಹೊಗಳಿದ್ರಂತೆ. ನಿಂಗಾಜಮ್ಮ ಶಾಸ್ತ್ರ ಮುಗಿಸ್ಕೊಂಡು ಊರಿಗೆ ಬಂದವಳೇ ಗೋಡೆಗೆ ಅರಿಶಿನ ಕುಂಕುಮ ಇಟ್ಟಳಂತೆ. ನಿದ್ದೆ ಬಂತಾ? ಬಂದಿಲ್ವಾ? ಸರಿ, ಹೂಂ ಅನ್ನು ಮತ್ತೆ.

ಮೂರನೇ ಸಲ ಆಳು ಬರಲಿಲ್ಲ, ಕಮಾನು ಗಾಡಿ ಕಟ್ಟಿಸ್ಕೊಂಡು ದೊಡ್ಡಮ್ಮಣ್ಣಿಯವರೇ ಬಂದ್ರು. ಗಾಡಿ ಓಣಿ ಒಳಗೆ ಹಿಡೀಲಿಲ್ಲ, ನಡ್ಕೊಂಡೇ ಬಂದು, ಎಲ್ಲಿ ಹಿತ್ತಲು ತೋರಿಸಿ ಅಂದ್ರು. ನಿಂಗಾಜಮ್ಮ ಹಿಂಬಾಗಿಲು ತೆಗೆದಳು. ದೊಡ್ಡಮ್ಮಣ್ಣಿ ಹೊಸ್ತಿಲಲ್ಲೇ ನಿಂತುಬಿಟ್ರು, ಮುಂದೆ ಹೋಗೋಕೆ ಜಾಗ ಇಲ್ವಲ್ಲ. ಇದೇನಮ್ಮ, ಕಣ್ಣು ಹಾಯಿಸಿದಷ್ಟೂ ಅಂದಿದ್ದಳು ನಿಮ್ಮ ಮಗಳು! ಹೌದು ಅಕ್ಕಯ್ಯ, ಹಾಯಿಸಿ ನೋಡಿ ಅಂದಳು ನಿಂಗಾಜಮ್ಮ. ದೊಡ್ಡಮ್ಮಣ್ಣಿ ಎದುರಿಗೆ ನೋಡಿದ್ರು, ಗೋಡೆ. ಪಕ್ಕಕ್ಕೆ ನೋಡಿದ್ರು, ಗೋಡೆ. ಆಮೇಲೆ ಕತ್ತೆತ್ತಿದ್ರು, ಎತ್ತಿದ್ರು, ಸೆರಗು ಜಾರೋವರೆಗೂ ಎತ್ತಿದ್ರು. ಕೋಟೆ ತುದೀವರೆಗೂ ಹಸಿರು, ಹಳದಿ ಹೂವು, ಬಿಳಿ ಹೂವು, ಗಡಿಗೆ ಗಡಿಗೆಯಿಂದ ಇಳಿಬಿದ್ದ ಸೊಪ್ಪು. ಕೋಪ ಅರ್ಧಕ್ಕರ್ಧ ಇಳಿದುಹೋಯ್ತಂತೆ.

ಆದ್ರೂ ಆರಂಭ ಮಾಡಿದವರಲ್ವಾ, ಕೇಳಿದ್ರು. ಈಗೇನೋ ಸರಿ, ಹೆರಿಗೆ ಆಗೋದು ಶಿವರಾತ್ರಿ ಕಳೆದ ಮೇಲೆ. ಓಣಿಗೆಲ್ಲ ಒಂದೇ ಬಾವಿ, ಬೇಸಿಗೇಲಿ ಸರದಿ ಪ್ರಕಾರ ನೀರು. ಇದೆಲ್ಲ ಒಣಗಿದ ಮೇಲೆ ನನ್ನ ಸೊಸೆಗೆ ಏನು ಬೇಯಿಸಿ ಹಾಕ್ತೀರಿ? ನಿಂಗಾಜಮ್ಮ ಅದನ್ನ ಆಗಲೇ ಯೋಚನೆ ಮಾಡಿಟ್ಟಿದ್ದಳು. ನೀವು ಮಗಳನ್ನ ಕಳಿಸಿ ಅಕ್ಕಯ್ಯ, ನೀರು ಅವಳೇ ತರ್ತಾಳೆ ಅಂದಳು. ಅಷ್ಟೇ, ದೊಡ್ಡಮ್ಮಣ್ಣಿ ಮುಖ ಕೆಂಡ ಆಗೋಯ್ತು. ಏನಂದ್ರಿ? ಹಸಿ ಬಾಣಂತಿ ಕೈಲಿ ಕೊಡ ಹೊರಿಸ್ತೀರಾ? ಕಳಿಸಲ್ಲ, ಖಂಡಿತ ಕಳಿಸಲ್ಲ ಅಂತ ಚಪ್ಪಲಿ ಮೆಟ್ಟೋಕೆ ಹೊರಟೇಬಿಟ್ರಂತೆ!

ನಿಂಗಾಜಮ್ಮ ಓಡಿಹೋಗಿ ಕೈ ಹಿಡ್ಕೊಂಡಳು. ಅಯ್ಯೋ ಅಕ್ಕಯ್ಯ, ಕೊಡ ಅಲ್ಲ, ಎರೆಯೋ ನೀರು! ಬಾಣಂತಿಗೆ ಹಂಡೆ ಹಂಡೆ ನೀರು ಹುಯ್ಯಲೇಬೇಕಲ್ವಾ, ಮಗೂಗೆ ಬೇರೆ. ಗಿಡಕ್ಕೆ ಅಂತ ಕೇಳಿದ್ರೆ ಈ ಓಣೀಲಿ ಯಾರೂ ಒಂದು ಚೊಂಬು ನೀರು ಬಿಡಲ್ಲ, ಬಾಣಂತಿಗೆ ಅಂದ್ರೆ ತಮ್ಮ ಸರದಿನೇ ಬಿಟ್ಕೊಡ್ತಾರೆ, ಸೇದಿ ತಂದೂ ಕೊಡ್ತಾರೆ. ಬಚ್ಚಲ ತೂತಿನ ಕೆಳಗೆ ಗುಂಡಿ ತೋಡಿದ್ದೀನಿ ನೋಡಿ. ಅವಳ ಮೈಮೇಲೆ ಬಿದ್ದ ನೀರು ಅಲ್ಲಿ ನಿಲ್ಲುತ್ತೆ, ನಾನು ಎತ್ತಿ ಮೇಲಿನ ಗಡಿಗೆಗೆ ಹುಯ್ತೀನಿ. ಅವಳು ಮಿಂದ ನೀರಲ್ಲೇ ಅವಳ ಸೊಪ್ಪು ಬೆಳೆಯುತ್ತೆ ಅಂದಳಂತೆ. ದೊಡ್ಡಮ್ಮಣ್ಣಿ ಗುಂಡಿ ನೋಡಿದ್ರು, ಗಡಿಗೆ ನೋಡಿದ್ರು, ನಿಂಗಾಜಮ್ಮನ ಹುರಿ ಹೊಸೆದು ಸವೆದ ಕೈ ನೋಡಿದ್ರು. ಆಮೇಲೆ ಆ ಕೈನ ಕಣ್ಣಿಗೊತ್ಕೊಂಡು, ಕಳಿಸ್ತೀನಿ ತಾಯಿ ಅಂದ್ರಂತೆ.

ಬೇಸಿಗೆ ಬಂತು, ಹೆಣ್ಣುಮಗು ಹುಟ್ಟಿತು, ಓಣಿಯವರೆಲ್ಲ ನೀರು ಸೇದಿ ತಂದ್ರು. ಊರಿಗೆ ಊರೇ ಒಣಗಿ ಕೂತಿದ್ರೆ ಆ ಒಂದು ಹಿತ್ತಲು ಹಸಿರಾಗಿತ್ತಂತೆ. ನೀರು ತಂದವರ ಸೆರಗಿಗೆಲ್ಲ ನಿಂಗಾಜಮ್ಮ ಸೊಪ್ಪು ಹಾಕಿ ಕಳಿಸೋಳು. ಮೂರು ತಿಂಗಳು ತುಂಬಿ, ಇನ್ನೂ ಮಳೆ ಬೀಳೋ ಮೊದಲೇ, ಮಗಳು ಮೊಮ್ಮಗಳು ಗಾಡಿ ಹತ್ತಿದ ದಿನ ಬಚ್ಚಲು ಒಣಗಿತು, ಮನೆಯೂ ಭಣಭಣ ಅಂತು. ನಿಂಗಾಜಮ್ಮ ಹಿಂಬಾಗಿಲು ತೆಗೆಯದೆ ಕೂತುಬಿಟ್ಟಳಂತೆ, ಬಾಡಿದ ಗಿಡದ ಮುಖ ಹೆಂಗೆ ನೋಡಲಿ ಅಂತ.

ಮೂರು ದಿನ ಕಳೀತು. ಓಣಿ ಬಾಯಲ್ಲಿ ಮತ್ತೆ ಅದೇ ಗಾಡಿ ಬಂದು ನಿಂತಿತಂತೆ. ದೊಡ್ಡಮ್ಮಣ್ಣಿ ಒಬ್ಬ ತುಂಬು ಬಸುರಿಯ ಕೈ ಹಿಡಿದು ನಿಧಾನಕ್ಕೆ ಇಳಿಸ್ಕೊಂಡು ಬಂದು ಹೊಸ್ತಿಲಲ್ಲಿ ನಿಲ್ಲಿಸಿ ಹೇಳಿದ್ರಂತೆ, ಇವಳು ನಮ್ಮೂರಿನ ಹುಡುಗಿ ಬೀಗಿತ್ತಿ, ಇವಳಿಗೆ ಅವ್ವ ಇಲ್ಲ. ನಿಮ್ಮ ಗಿಡಕ್ಕೂ ನೀರಿಲ್ವಲ್ಲ, ಅದಕ್ಕೇ ಕರ್ಕೊಂಡು ಬಂದೆ.

ಅವತ್ತಿಂದ ತಾಯಿಯಿಲ್ಲದ ಎಷ್ಟು ಹೆಣ್ಣುಮಕ್ಕಳಿಗೆ ಆ ಚಾಪೆಯಗಲದ ಹಿತ್ತಲು ತವರಾಯ್ತೋ ಗೊತ್ತಿಲ್ಲ, ಆ ಬಚ್ಚಲು ಮಾತ್ರ ಆಮೇಲೆ ಒಂದು ದಿನವೂ ಒಣಗಲಿಲ್ವಂತೆ. ಅಲ್ಲಿಗೆ ಕತೆ ಮುಗೀತು, ನಿನ್ನ ಹೂಂ ಅಂತೂ ಎಷ್ಟೊತ್ತಿಗೋ ಮುಗಿದಿದೆ. ಮಲಗು ಬಂಗಾರ.