ಕಪ್ಪೆಲೆಯ ಸಿಗಾರಿಗೆ ಹತ್ತಕ್ಕೆ ಎಷ್ಟು?

ಮೈಸೂರಿನ ಒಂದು ಕ್ಲಬ್ಬಿನಲ್ಲಿ ಅಧ್ಯಕ್ಷ ಶೇಷಗಿರಿರಾಯರು ಮಾತಾಡುವಷ್ಟು ಹೊತ್ತು ಊಟ ಬಡಿಸುವಂತಿರಲಿಲ್ಲ. ಅದು ಅವರೇ ಮಾಡಿದ ನಿಯಮ. ಮೆಂಬರುಗಳು ಉಂಡೆದ್ದ ಮೇಲೆಯೇ ಅಡುಗೆಮನೆಯವರ ಊಟ.

ಒಂದು ಭಾನುವಾರ ರಾಯರು ಕಪ್ಪು ಎಲೆ ಸುತ್ತಿದ ಅಗ್ಗದ ಸಿಗಾರೊಂದನ್ನು ಎತ್ತಿ ಹಿಡಿದರು. "ಇದರ ರುಚಿ ನೋಡಿ ಹತ್ತಕ್ಕೆ ಎಷ್ಟು ಅಂಕ ಅಂತ ಹೇಳ್ತೀನಿ. ಮೊದಲು ಹೊಗೆಸೊಪ್ಪಿನ ಚರಿತ್ರೆ ಕೇಳಿ!"

ಆಗಲೇ ಎರಡು ಗಂಟೆ. ಎಲ್ಲರ ಮುಖ ಬಾಡಿತು.

ಬೇರರ್ ಜವರಯ್ಯ ಕಡ್ಡಿ ಗೀರಿ ಸಿಗಾರು ಹಚ್ಚಿದ. "ಬುದ್ಧೀ, ಬೂದಿ ಉದುರದೆ ಉದ್ದಕ್ಕೆ ನಿಂತರೆ ಒಳ್ಳೆ ಮಾಲಂತೆ. ಆದರೆ ಸೇದೋರ ತುಟಿ ಅಲ್ಲಾಡಬಾರದು. ಅಂಥೋರು ಈ ಕಡೆ ಯಾರಿದ್ದಾರೆ ಬಿಡಿ."

"ನಾನಿಲ್ವೇನೋ!" ಎಂದ ರಾಯರು ಸಿಗಾರು ಕಚ್ಚಿ ಕಲ್ಲಿನಂತೆ ಕೂತರು.

ಮಾತು ನಿಂತಿತು. ನಿಯಮದಂತೆ ಅಡುಗೆಮನೆಯವರು ಊಟಕ್ಕೆ ಬಾಳೆಲೆ ಹಾಕಿದರು. ಸಾರು, ಪಲ್ಯ, ಪಾಯಸ ಬಿಸಿಬಿಸಿಯಾಗಿ ಬಂದವು. ರಾಯರು ಕಣ್ಣು ಬಿಟ್ಟರು, ಬಾಯಿ ಬಿಡಲಿಲ್ಲ. ಅಡುಗೆಭಟ್ಟರು ಜವರಯ್ಯನ ಕಿವಿಯಲ್ಲಿ, "ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ" ಅಂದರು.

ಮುಕ್ಕಾಲು ಗಂಟೆಯ ಮೇಲೆ ಎರಡಂಗುಲ ಬೂದಿ ಕಳಚಿ ಬಿತ್ತು. "ಏಳು ಅಂಕ," ಎಂದರು ರಾಯರು.

"ಛೆ ಛೆ, ಹತ್ತಕ್ಕೆ ಹತ್ತು!" ಎಂದು ಇಡೀ ಪಂಕ್ತಿ ತೇಗುತ್ತಾ ಕೂಗಿತು. ಅವರಲ್ಲಿ ಒಬ್ಬರೂ ಅದನ್ನು ಸೇದಿರಲಿಲ್ಲ.